ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಕಲಾಪೋಷಕ

ಚಾಮರಾಜಪೇಟೆ ದಾಟಿ ಮೈಸೂರು ರಸ್ತೆ ಹಿಡಿದರೆ ಯಹೂದಿಗಳ ರುದ್ರಭೂಮಿ ಸಿಗುತ್ತದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. ಬದಲಿಗೆ ಕೈಗಡ ಕೇಳಲಿಲ್ಲ! ಯೂರೋಪಿನ ದೊರೆಗಳ ಚರಿತ್ರೆ ಓದಿದವರಿಗೆ ಇದು ನಂಬಲಾಗದ ಸಂಗತಿ.

ವಿಯೆನ್ನಾದ ಚಕ್ರವರ್ತಿ ಒಂದನೆಯ ಲಿಯೋಪೋಲ್ಡನ ಕಥೆ ಕೇಳಿ. 1670ರಲ್ಲಿ ಊರಿನ ಯಹೂದಿಗಳನ್ನೆಲ್ಲ ಓಡಿಸಿದ ಧರ್ಮಿಷ್ಠ. ಸಂಗೀತ ರಚಿಸುತ್ತಿದ್ದ ರಸಿಕ ಬೇರೆ. ಯುದ್ಧ ಬಂತು, ಖಜಾನೆಯಲ್ಲಿ ಹಲ್ಲಿ ಲೊಚಗುಟ್ಟಿತು. ಆಗ ಸ್ಯಾಮ್ಯುಯೆಲ್ ಓಪನ್‌ಹೈಮರ್ ಎಂಬ ಯಹೂದಿಯ ನೆನಪಾಯಿತು. ಸೈನ್ಯದ ಧಾನ್ಯ, ಕುದುರೆ, ಮದ್ದುಗುಂಡು ಎಲ್ಲ ಅವನ ಲೆಕ್ಕಕ್ಕೆ. 1703ರಲ್ಲಿ ಆತ ಕಣ್ಮುಚ್ಚಿದ. ವಾರಸುದಾರರು 60 ಲಕ್ಷ ಫ್ಲೋರಿನ್ ಬಾಕಿ ಕೇಳಿದರೆ, ದರ್ಬಾರಿನ ಗುಮಾಸ್ತರು ಲೆಕ್ಕ ತಿರುವಿಹಾಕಿ, "ನೀವೇ ನಮಗೆ ಕೊಡಬೇಕು" ಎಂದರು. ಸಂಗೀತಜ್ಞ ದೊರೆಯ ದರ್ಬಾರಲ್ಲವೇ, ತಾಳ ತಪ್ಪಲಿಲ್ಲ.

ವುರ್ಟೆಂಬರ್ಗ್‌ನ ಯೋಸೆಫ್ ಓಪನ್‌ಹೈಮರ್ ಇನ್ನೂ ನತದೃಷ್ಟ. ಡ್ಯೂಕನ ಬೊಕ್ಕಸ ತುಂಬಿಸಿದವನು. 1737ರಲ್ಲಿ ಡ್ಯೂಕ್ ಸತ್ತ ಕೂಡಲೇ ಸೆರೆ, ಮರುವರ್ಷ ಗಲ್ಲು. ಹೆಣ ಆರು ವರ್ಷ ಕಬ್ಬಿಣದ ಪಂಜರದಲ್ಲಿ ತೂಗಾಡಿತು. ತೆರಿಗೆಯ ಫಲ ಉಂಡವನು ಡ್ಯೂಕ್, ಪಾಪ ಹೊತ್ತವನು ಈತ.

ನಾವೇನು ಕಮ್ಮಿಯೇ? ಮುಮ್ಮಡಿ ಕೃಷ್ಣರಾಜರ 'ಶ್ರೀತತ್ತ್ವನಿಧಿ'ಯ ಚಿತ್ರಗಳಿಗೆ ತಲೆದೂಗುತ್ತೇವೆ; ತೂಗಲೇಬೇಕು. 1831ರಲ್ಲಿ ಅವರ ಆಡಳಿತ ಕಸಿದುಕೊಂಡ ಕಂಪನಿ ಹೇಳಿದ ನೆಪಗಳಲ್ಲಿ ದುಂದುವೆಚ್ಚವೂ ಒಂದು, ಸಾಲವೂ ಒಂದು. ಆ ಸಾಲ ಕೊಟ್ಟ ಸಾಹುಕಾರರ ಒಂದು ಹೆಸರು ಹೇಳಿ ನೋಡೋಣ.

ಈಗ ದೊರೆಗಳಿಲ್ಲ, ಸಂಗೀತ ಸಭೆಗಳ ಕಾರ್ಯದರ್ಶಿಗಳಿದ್ದಾರೆ. ರಾಮನವಮಿಗೆ ತಿಂಗಳಿರುವಾಗ ಪ್ರಾಯೋಜಕರ ಮನೆ ಬಾಗಿಲಲ್ಲಿ, "ತಾವು ಈ ಕಾಲದ ಕರ್ಣ, ಸಾರ್." ಚೆಕ್ಕು ಪಾಸಾದ ಮೇಲೆ ಕೋಸಂಬರಿ ಮೆಲ್ಲುತ್ತಾ, "ಮಾಯಾಮಾಳವಗೌಳ ಅಂದ್ರೆ ಹೊಸ ಲೇಔಟ್ ಅಂದ್ಕೊಂಡಿದಾನೆ ಕಣ್ರೀ!" ಸುತ್ತಲಿನ ಬಸವನಗುಡಿ ರಸಿಕರು, ಎಲ್ಲರೂ ಉಚಿತ ಪಾಸಿನವರೇ, ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ದುಡ್ಡಿದ್ದವನಿಗೆ ರಸಿಕತೆ ಇರಬಾರದು ಎಂಬುದು ದುಡ್ಡಿಲ್ಲದ ರಸಿಕರ ಕಟ್ಟಾ ನಂಬಿಕೆ.

ಕಾರ್ಯದರ್ಶಿಗಳನ್ನು ಒಮ್ಮೆ ಕೇಳಿದೆ, "ಪ್ರಾಯೋಜಕರು ದಿವಾಳಿಯಾದರೆ?"

"ಛೆ, ಹಾಗನ್ನಬೇಡಿ," ಎಂದು ಕೆನ್ನೆ ಬಡಿದುಕೊಂಡರು. "ಬ್ಯಾನರು ಇನ್ನೂ ಪ್ರಿಂಟಿಗೆ ಹೋಗಿಲ್ಲ."