ಒಗ್ಗರಣೋರ್ಧ್ವಗಮನ ಮೀಮಾಂಸೆ

ತಿಳಿಸಾರಿಗೆ ಚುರ್ರೆಂದು ಬಿದ್ದ ಒಗ್ಗರಣೆಯ ತುಪ್ಪವು, ಪಾತ್ರೆಯ ತಳವನ್ನೇ ಮುಟ್ಟಿಬರುವಂತೆ ಧುಮುಕಿ, ಮರುಕ್ಷಣವೇ ಕರಿಬೇವಿನ ಪರಿವಾರಸಮೇತವಾಗಿ ಮೇಲೆದ್ದು, ಹೊಂಬಣ್ಣದ ವೃತ್ತಗಳಾಗಿ ನಿಲ್ಲುವುದೇಕೆಂಬ ಪ್ರಶ್ನೆಯು ಪಂಕ್ತಿಯ ಮೊದಲಲ್ಲಿ ಕುಳಿತವರನ್ನು ಎಂದೂ ಬಾಧಿಸಿದ್ದಿಲ್ಲ. ಕೊನೆಯಲ್ಲಿ ಕುಳಿತು ನಿರ್ಘೃತವಾದ ಸಾರನ್ನುಂಡವರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಇಂಗಿನ ಗಂಧವೂ ಮೆಣಸಿನಕಾಯಿಯ ಕೆಂಪೂ ನೀರಿಗಿಂತ ಜಿಡ್ಡಿನಲ್ಲಿಯೇ ಚೆನ್ನಾಗಿ ಕರಗತಕ್ಕವಾದುದರಿಂದ, ಮೇಲಿನ ಸೌಟು ಯಾರಿಗೆ ದೊರೆಯಿತೋ ಅವರಿಗೆ ಸಾರಿನ ಸರ್ವಸ್ವವೂ ದೊರೆಯಿತೆಂದೇ ತಿಳಿಯಬೇಕು.

ತುಪ್ಪವು ಬೆಲೆಯುಳ್ಳದ್ದಾದುದರಿಂದ ಉನ್ನತ ಸ್ಥಾನವು ಅದಕ್ಕೆ ಸಹಜವೆಂಬುದು ಪೂರ್ವಪಕ್ಷ. ಇದು ಸಲ್ಲದು, ಕಡಲೆಕಾಯಿ ಎಣ್ಣೆಯೂ ತೇಲುತ್ತದೆ. ಸಿದ್ಧಾಂತವೇನೆಂದರೆ, ಹೈಡ್ರೋಜನ್ ಬಂಧಗಳಿಂದ ಪರಸ್ಪರ ಕೈಹಿಡಿದು ನಿಂತಿರುವ ನೀರಿನ ಅಣುಗಳು, ಹಿಡಿಯಲು ಕೈಯೇ ಇಲ್ಲದ ಜಿಡ್ಡಿನ ಅಣುವನ್ನು ತಮ್ಮ ನಡುವೆ ಸೇರಗೊಡವು. ಹೀಗೆ ಬಹಿಷ್ಕೃತವಾದ ಜಿಡ್ಡು, ಲೀಟರಿಗೆ ಸುಮಾರು 900 ಗ್ರಾಂ ಮಾತ್ರ ತೂಗುವುದಾಗಿ, ಮೇಲಕ್ಕಲ್ಲದೆ ಬೇರೆಲ್ಲಿಗೂ ಹೋಗಲಾರದು. ಲಂಡನ್ನಿನ ಕ್ಲಾಪ್‌ಹ್ಯಾಮಿನ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದಾಗ ಸುಮಾರು ಅರ್ಧ ಎಕರೆ ನೀರಿನ ಅಲೆಯಡಗಿತೆಂದು ಬೆಂಜಮಿನ್ ಫ್ರಾಂಕ್ಲಿನನು 1774ರಲ್ಲಿ ಪ್ರಕಟಿಸಿದನು. ಇಷ್ಟು ಮಿತವ್ಯಯದಿಂದ ಜಿಡ್ಡನ್ನು ಹರಡುವ ವಿದ್ಯೆಯು ನಮ್ಮ ಸಮಾರಾಧನೆಯ ಅಡಿಗೆಯವರಿಗೆ ಅದಕ್ಕೆ ಮೊದಲೇ ಕರಗತವಾಗಿತ್ತೆಂಬುದು ನನ್ನ ದೃಢವಾದ ಸಂಶಯ.

ಹಾಗಾದರೆ ಸೌಟಿನಿಂದ ಬಲವಾಗಿ ಕಲಕಿ ಬಡಿಸಿದರೆ ಸಾಲದೆ? ಸ್ಟೋಕ್ಸನ 1851ರ ನಿಯಮದಂತೆ ಹನಿಯು ಮೇಲೇರುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ವ್ಯಾಸವು ಹತ್ತರಲ್ಲೊಂದು ಪಾಲಾದರೆ ವೇಗವು ನೂರರಲ್ಲೊಂದಾಗುವುದು ನಿಜ. ಆದರೆ ಒಡೆದ ಹನಿಗಳು ಎದುರುಬದುರಾದೊಡನೆ ವೈರ ಮರೆತು ಒಂದಾಗಿಬಿಡುವುವು. ಇದನ್ನು ತಡೆಯಲು, ಒಂದು ತುದಿಯಿಂದ ನೀರನ್ನೂ ಇನ್ನೊಂದರಿಂದ ಜಿಡ್ಡನ್ನೂ ಒಲಿಸಿಕೊಂಡು ಹನಿಗೆ ಹೊದಿಕೆಯಾಗುವ ಮಧ್ಯವರ್ತಿಯೊಬ್ಬನು ಬೇಕು. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಅಂಥದು. ಅದರ ದೆಸೆಯಿಂದಲೇ ಮೇಯೋನೀಸೆಂಬ ಪಾಶ್ಚಾತ್ಯ ಲೇಹ್ಯವು, ಬಹುಪಾಲು ಎಣ್ಣೆಯೇ ಆಗಿದ್ದರೂ, ಬೇರ್ಪಡದೆ ಚಮಚಕ್ಕೆ ಅಂಟಿ ನಿಲ್ಲುತ್ತದೆ. ನಮ್ಮ ಹುಳಿಯಲ್ಲಿ ಬೆಂದು ಕರಗಿದ ತೊಗರಿಬೇಳೆಯ ಪ್ರೋಟೀನು ಅಲ್ಪಸ್ವಲ್ಪ ಈ ಕೆಲಸ ಮಾಡುವುದಲ್ಲದೆ, ಹುಳಿಯ ಗಟ್ಟಿತನವೂ ಹನಿಯನ್ನು ತಡೆದು ನಿಲ್ಲಿಸುವುದು. ತಿಳಿಸಾರಿಗೆ ಈ ಎರಡು ಭಾಗ್ಯಗಳೂ ಇಲ್ಲ.

ಕಲಕಿದರೆ ಕೂಡುವುದೆಂಬ ವಾದಕ್ಕೆ ಕಡೆಗೋಲೇ ಪರಮ ಖಂಡನೆ. ಮೊಸರನ್ನು ಕಡೆದಂತೆಲ್ಲ ಜಿಡ್ಡಿನ ಕಣಗಳ ಹೊದಿಕೆ ಹರಿದು, ಅವು ಒಂದಕ್ಕೊಂದು ಅಂಟಿ, ಅದುವರೆಗೆ ತಮ್ಮನ್ನು ಸುತ್ತುವರಿದಿದ್ದ ನೀರನ್ನೇ ಹನಿಹನಿಯಾಗಿ ಸೆರೆಹಿಡಿದು ಬೆಣ್ಣೆಯಾಗುವುವು. ಅದರಲ್ಲಿ ನೂರಕ್ಕೆ ಸುಮಾರು 16ರಷ್ಟು ನೀರೇ. ಇಂತು ಪ್ರಯಾಸಪಟ್ಟು ಕೂಡಿಸಿದ ನೀರನ್ನು ಒಲೆಯ ಮೇಲಿಟ್ಟು ಚಟಪಟನೆ ಕಾಯಿಸಿ ಓಡಿಸಿ, ಉಳಿದ ತುಪ್ಪವನ್ನು ಪುನಃ ನೀರಿಗೇ ಹೊಯ್ಯುವುದು ಯಾವ ನ್ಯಾಯವೆಂದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಜಿಜ್ಞಾಸೆ ಮಾಡಿದಾಗ ಒಳಗಿನಿಂದ ಬಂದ ಸಮಾಧಾನವು, ಅರ್ಥಸ್ಪಷ್ಟತೆಯಲ್ಲಿ ಅದ್ವಿತೀಯವಾದರೂ, ಅಚ್ಚಿಗೆ ಯೋಗ್ಯವಾದುದಲ್ಲ.