ನಾಲ್ಕು ಮಿಲಿಆಂಪ್‌ಗಿಂತ ಕೆಳಗೆ

ಜೋಗದಲ್ಲೂ ಶರಾವತಿ ವಿದ್ಯುದಾಗಾರದಲ್ಲೂ ದುಡಿದ ನೀರು ಹೊನ್ನಾವರದಲ್ಲಿ ಸಮುದ್ರ ಸೇರುವ ಮುನ್ನ ಗೇರುಸೊಪ್ಪದಲ್ಲಿ ಇನ್ನೊಮ್ಮೆ ದುಡಿಯುತ್ತದೆ: ತಲಾ 60 ಮೆಗಾವ್ಯಾಟಿನ ನಾಲ್ಕು ಯಂತ್ರಗಳು. ಇಂಥ ಕಡೆ ಕಂಟ್ರೋಲ್ ಪ್ಯಾನೆಲಿನ ಬಾಗಿಲ ಹಿಂದೆ ಕೂತು ನೀರಿನ ಮಟ್ಟ, ಬೇರಿಂಗಿನ ಬಿಸಿ, ಎಣ್ಣೆಯ ಒತ್ತಡಗಳನ್ನು ಅಂಕಿ ಮಾಡಿ ಕಳಿಸುವ ಅನಲಾಗ್ ಇನ್‌ಪುಟ್ ಮಾಡ್ಯೂಲನ್ನು ಯಾರೂ ಮಾತಾಡಿಸುವುದಿಲ್ಲ. ಕಲ್ಪನೆಯಲ್ಲಾದರೂ ಮಾತಾಡಿಸಿದೆವು.

ಪರದೆಯ ಮೇಲೆ ಕಾಣುವ ಅಂಕಿ ನಿಮ್ಮದೇ ತಾನೆ?

ನನ್ನದಲ್ಲ ಮಾರಾಯ್ರೇ, ನಾನು ಬರೀ ಗುಮಾಸ್ತ. ಅಳೆಯುವುದು ಟ್ರಾನ್ಸ್‌ಮಿಟರ್. ಅದು ತಂತಿಯಲ್ಲಿ 4ರಿಂದ 20 ಮಿಲಿಆಂಪ್ ಕರೆಂಟು ಹರಿಸುತ್ತದೆ. ನಾನು ಅದನ್ನು 250 ಓಮ್ ರೆಸಿಸ್ಟರ್ ದಾಟಿಸಿ 1ರಿಂದ 5 ವೋಲ್ಟ್ ಮಾಡಿಕೊಂಡು ಎಣಿಸುತ್ತೇನೆ. ಮಟ್ಟಮಾಪಕವನ್ನು 40 ಮೀಟರಿಗೆ ಹೊಂದಿಸಿದ್ದಾರೆ ಎಂದುಕೊಳ್ಳಿ, 12 ಮಿಲಿಆಂಪ್ ಬಂದರೆ 20 ಮೀಟರ್ ಎಂದು ಬರೆಯುತ್ತೇನೆ. ನೀರಿನ ಮುಖವನ್ನೇ ನಾನು ಕಂಡಿಲ್ಲ. ಆದರೂ ಈ ಪದ್ಧತಿ ಮಾಡಿದವರು ಜಾಣರು: ಸೊನ್ನೆ ಮೀಟರಿಗೆ ಸೊನ್ನೆ ಕರೆಂಟು ಇಡದೆ 4 ಇಟ್ಟರು. ಹಾಗಾಗಿ ಇಲಿ ತಂತಿ ಕಡಿದರೆ ‘ಅಣೆಕಟ್ಟು ಬತ್ತಿತು’ ಎಂದು ನಾನು ವರದಿ ಮಾಡುವುದಿಲ್ಲ, ‘ಗೊತ್ತಿಲ್ಲ’ ಎನ್ನುತ್ತೇನೆ. ಹಾಗೆನ್ನಲು ಪ್ರತ್ಯೇಕ ಜಾಗ ಬಿಟ್ಟಿರುವ ಸರ್ಕಾರಿ ನಮೂನೆ ಒಂದಿದ್ದರೆ ತೋರಿಸಿ.

ಹಾಗಿದ್ದರೆ ನಿಮ್ಮನ್ನು ಕಣ್ಣುಮುಚ್ಚಿ ನಂಬಬಹುದು.

ತಂತಿ ಕಡಿದಾಗ ನಂಬಿ. ತಂತಿ ಸರಿಯಿದ್ದು ಸುದ್ದಿ ತಪ್ಪಿದಾಗಲೇ ಅಪಾಯ. ಅಮೆರಿಕದ ಮಿಸೌರಿಯ ಟಾಮ್ ಸಾಕ್‌ನಲ್ಲಿ ಗುಡ್ಡದ ಮೇಲಿನ ಜಲಾಶಯಕ್ಕೆ ಕೆಳಗಿನಿಂದ ನೀರು ಪಂಪು ಮಾಡುತ್ತಿದ್ದರು. ಮಟ್ಟಮಾಪಕಗಳಿದ್ದ ಕೊಳವೆಗಳು ಕಟ್ಟು ಬಿಚ್ಚಿಕೊಂಡು ಬಾಗಿದ್ದವು. ಮಾಪಕ ಮೇಲೆದ್ದರೆ ಅದರ ಮೇಲಿನ ನೀರಿನ ಒತ್ತಡ ಕಡಿಮೆ. ಆದ್ದರಿಂದ ಮಟ್ಟವನ್ನೂ ಕಡಿಮೆ ತೋರಿಸಿದವು. 2005ರ ಡಿಸೆಂಬರ್ 14ರ ಬೆಳಗಿನ ಜಾವ ಪಂಪು ನಿಲ್ಲಲಿಲ್ಲ, ನೀರು ಗೋಡೆ ಉಕ್ಕಿ ಜಲಾಶಯವೇ ಒಡೆಯಿತು. ಅಂಕಿ ಹದ್ದು ಮೀರಿರಲಿಲ್ಲ, ನೀರು ಮೀರಿತ್ತು.

ಒಂದರ ಬದಲು ಮೂರು ಮಾಪಕ ಹಾಕಿದರಾಯಿತಲ್ಲ?

ಅಲ್ಲೂ ಒಂದೇ ಇರಲಿಲ್ಲ. ಒಂದೇ ಕಟ್ಟಿಗೆ ಬಿಗಿದ ಕೊಳವೆಗಳಲ್ಲಿ ಎಷ್ಟು ಮಾಪಕ ಇಳಿಸಿದರೂ ಕಟ್ಟು ಬಿಚ್ಚಿದಾಗ ಎಲ್ಲವೂ ಒಂದೇ ರಾಗ ಎಳೆಯುತ್ತವೆ. ನಿಮ್ಮ ಸಭೆಗಳಲ್ಲಿ ಇದಕ್ಕೇ ಅಲ್ಲವೇ ಸರ್ವಾನುಮತ ಎನ್ನುವುದು? ಕೊನೆಯ ಕಾವಲಿಗೆಂದು ಬೇರೆ ತುರ್ತು ಪ್ರೋಬುಗಳಿದ್ದವು. ಅವನ್ನು ಗೋಡೆಯ ಅತಿ ತಗ್ಗಿನ ಜಾಗಕ್ಕಿಂತ ಎತ್ತರದಲ್ಲಿ ಇಟ್ಟಿದ್ದರು.

ಅನುಮಾನ ಬಂದಾಗಲೆಲ್ಲ ಯಂತ್ರ ನಿಲ್ಲಿಸಿದರೆ ನಾಡಿಗೆ ಕರೆಂಟು ಕೊಡುವವರು ಯಾರು?

ನ್ಯಾಯವಾದ ಪ್ರಶ್ನೆ. ಬೇಡದ ಟ್ರಿಪ್ ಆದರೆ ನಷ್ಟ ನಿಜ, ಬೈಗುಳವೂ ನನಗೇ. ಬೇರಿಂಗ್ ಕಾದರೆ ಮಾತ್ರ ಚರ್ಚೆ ಬೇಡ, ಮೊದಲು ನಿಲ್ಲಿಸಿ. ನೀರಿನ ಮಟ್ಟದ ಅನುಮಾನಕ್ಕೆ ಅಷ್ಟೆಲ್ಲ ಬೇಕಿಲ್ಲ. ಒಬ್ಬರು ಹೋಗಿ ಗೋಡೆಯ ಅಳತೆಪಟ್ಟಿ ನೋಡಿ ಬರಲಿ. ಪಂಪು ಮಾಡಿದ ನೀರಿಗೂ ಏರಿದ ಮಟ್ಟಕ್ಕೂ ತಾಳೆಯಾಗುತ್ತದೆಯೇ ಎಂದು ಲೆಕ್ಕ ಹಾಕಲಿ. ಎರಡಕ್ಕೂ ಯಂತ್ರ ನಿಲ್ಲಿಸಬೇಕಾಗಿಲ್ಲ, ಕುರ್ಚಿಯಿಂದ ಏಳಬೇಕು ಅಷ್ಟೆ.

ಗೇರುಸೊಪ್ಪದವರು ಇದನ್ನೆಲ್ಲ ಯಾಕೆ ಕೇಳಬೇಕು?

ತಲಕಳಲೆ ಮೇಲಿನ ಜಲಾಶಯ, ಗೇರುಸೊಪ್ಪ ಕೆಳಗಿನದು ಎಂದು 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿದ್ದಾರಲ್ಲ, ಅದಕ್ಕೆ. ಕಾಡು ಕಡಿಯಬೇಕೇ ಬೇಡವೇ ಎಂಬ ಜಗಳ ನನ್ನ ಚಾನೆಲ್ಲಿಗೆ ಬರುವುದಿಲ್ಲ. ಆದರೆ ಯೋಜನೆ ಆಗಿಬಿಟ್ಟರೆ ಆ ಮಟ್ಟದ ಲೆಕ್ಕ ಬರೆಯುವವರು ನನ್ನ ತಮ್ಮಂದಿರೇ. ತುರ್ತು ಮಾಪಕ ಬೇರೆ ಬಗೆಯದಿರಲಿ, ಬೇರೆ ಕಡೆ ಕಟ್ಟಲಿ, ಅದರ ಎತ್ತರವನ್ನು ಗೋಡೆಯ ತಗ್ಗಿನ ಜಾಗದಿಂದಲೇ ಅಳೆಯಲಿ. ಉದ್ಘಾಟನೆಗೆ ಬಂದವರು ದೊಡ್ಡ ಪರದೆ ನೋಡಿ ಹೋಗುತ್ತಾರೆ. ಅಳತೆಪಟ್ಟಿ ಓದುವವನ ಹುದ್ದೆ ಮಂಜೂರಾಗಿದೆಯೇ ಎಂದು ಅವತ್ತು ನೀವಾದರೂ ಕೇಳಿ.