ಟ್ರೈಕ್ಲೋರೋಎಥಿಲೀನ್ ಅವರ ಸನ್ನಿಧಾನಕ್ಕೆ

ನಿರ್ವರ್ಣರೂ ಮಧುರಗಂಧಿಗಳೂ ಅಂತರ್ಜಲವಾಸಿಗಳೂ ಆದ ದ್ರಾವಕಶ್ರೇಷ್ಠ ಶ್ರೀಮಾನ್ ಟ್ರೈಕ್ಲೋರೋಎಥಿಲೀನ್ ಅವರಿಗೆ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಾವು ನಮ್ಮ ಕಾಲಡಿಯಲ್ಲೇ ಬಿಡಾರ ಹೂಡಿರುವುದರಿಂದ ನೆಲಕ್ಕೆ ಹಣೆ ಹಚ್ಚಿಯೇ ಈ ಅರಿಕೆ ಮಾಡಿಕೊಳ್ಳಬೇಕು.

ತಮ್ಮ ಉಪಕಾರವನ್ನು ಮರೆತವನಲ್ಲ. ಲೋಹದ ಜಿಡ್ಡು ಕಳೆದವರು ತಾವು. ಸಿಲಿಕಾನ್ ಕಣಿವೆಯ ಚಿಪ್‌ಗಳನ್ನು ತೊಳೆದವರೂ ತಾವೇ. ಒಂದು ಕಾಲಕ್ಕೆ ಹೆರಿಗೆ ನೋವಿಗೆ ಅರಿವಳಿಕೆಯಾಗಿದ್ದಿರಿ, ಕಾಫಿಯಿಂದ ಕೆಫೀನ್ ತೆಗೆಯಲೂ ಒದಗಿದಿರಿ. ಅಮೆರಿಕ 1977ರಲ್ಲಿ ಕಾಫಿಯಿಂದ ತಮ್ಮನ್ನು ಬಿಡಿಸಿತು. ತಾವು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೀರಿ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ಹೇಳಿದ್ದು 2012ರಲ್ಲಿ. ಅಷ್ಟರೊಳಗೆ ತಾವು ನೆಲ ಸೇರಿ ದಶಕಗಳೇ ಆಗಿದ್ದವು.

ಇಲ್ಲಿನ ಜನಕ್ಕೆ ಕಣ್ಣು ತೆರೆದದ್ದು 1980ರ ದಶಕದ ಆರಂಭದಲ್ಲಿ. ದಕ್ಷಿಣ ಸ್ಯಾನ್ ಹೋಸೆಯ ಚಿಪ್ ಕಾರ್ಖಾನೆಯೊಂದರ ನೆಲದಡಿಯ ಟ್ಯಾಂಕು ಸೋರಿತ್ತು. ತಮ್ಮ ದಾಯಾದಿ ಟ್ರೈಕ್ಲೋರೋಈಥೇನ್ ಹತ್ತಿರದ ಕುಡಿಯುವ ನೀರಿನ ಬಾವಿಗೆ ಬಿಜಯಂಗೈದಿದ್ದರು. ಆಮೇಲೆ ಅಗೆದಲ್ಲೆಲ್ಲ ತಮ್ಮ ಪರಿವಾರದ ದರ್ಶನವಾಯಿತು. ಹೊಗೆಕೊಳವೆ ಇಲ್ಲದ, ಹುಲ್ಲುಹಾಸಿನ ನಡುವಿನ ಚಿಪ್ ಕಾರ್ಖಾನೆಗಳನ್ನು ಜನ ಶುದ್ಧ ಉದ್ಯಮವೆಂದು ನಂಬಿದ್ದರು. ಅಮೆರಿಕದ ಬೇರಾವ ಕೌಂಟಿಯಲ್ಲೂ ಇಲ್ಲದಷ್ಟು ಸೂಪರ್‌ಫಂಡ್ ಜಾಗಗಳು, ಅಂದರೆ ಶುದ್ಧಿಗಾಗಿ ಸರ್ಕಾರ ಪಟ್ಟಿಮಾಡಿದ ವಿಷನೆಲಗಳು, ಒಟ್ಟು 23, ನಮ್ಮ ಪಾಲಿಗೆ ಬಂದವು. ಈ ಗೌರವಕ್ಕೆ ನಾವು ಚಿರಋಣಿಗಳು.

ತಮ್ಮ ಔದಾರ್ಯದ ಲೆಕ್ಕ ಹಾಕಿದರೆ ಎದೆ ನಡುಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ತಾವು 5 ಮೈಕ್ರೋಗ್ರಾಂ ಮೀರಬಾರದೆಂಬುದು ಇಲ್ಲಿನ ಕಾನೂನು. ತಮ್ಮ ಒಂದು ಲೀಟರಿನ ತೂಕ ಸುಮಾರು 1.46 ಕಿಲೋ. ಅದೊಂದೇ ಲೀಟರು ಪೂರ್ತಿ ಕರಗಿ ಹರಡಿದರೆ 29 ಕೋಟಿ ಲೀಟರ್ ನೀರು ಆ ಮಿತಿಗೆ ಬಂದು ನಿಲ್ಲುತ್ತದೆ. ಸೋರಿದ್ದು ಪೀಪಾಯಿಗಟ್ಟಲೆ.

ಸೀಮೆಎಣ್ಣೆಯಾದರೆ ನೀರಿನ ಮೇಲೆ ತೇಲುತ್ತದೆ, ಬಳಿದು ತೆಗೆಯಬಹುದು. ತಾವು ನೀರಿಗಿಂತ ಭಾರ. ಆದ್ದರಿಂದ ಅಂತರ್ಜಲವನ್ನೂ ದಾಟಿ ಇಳಿದು, ಜೇಡಿಮಣ್ಣಿನ ಪದರದ ಮೇಲೆ ಮಡುಗಟ್ಟಿ, ಅಲ್ಲಿಂದ ಚೂರುಚೂರೇ ಕರಗುತ್ತ ವರ್ಷಾನುಗಟ್ಟಲೆ ಪ್ರಸಾದ ಹಂಚುತ್ತೀರಿ. ತಮ್ಮನ್ನು ಮೇಲಕ್ಕೆ ಬಿಜಯಂಗೈಸಲು ನಾವು ಪಟ್ಟ ಪಾಡನ್ನು ತಾವು ಗಮನಿಸಿರಬೇಕು. ಬಾವಿ ಕೊರೆದು ನೀರೆತ್ತುತ್ತೇವೆ, ಗಾಳಿ ಹಾಯಿಸುತ್ತೇವೆ, ಇದ್ದಿಲಿನಲ್ಲಿ ಸೋಸುತ್ತೇವೆ. ಮೊದಲ ಕೆಲವು ವರ್ಷ ಮರಳಿನ ಪದರದಿಂದ ಧಾರಾಳವಾಗಿ ಬರುತ್ತೀರಿ, ಅಂಕಿ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಪಂಪು ನಿಲ್ಲಿಸಿದರೆ ಜೇಡಿಯೊಳಗೆ ನುಸುಳಿ ಕೂತಿದ್ದ ತಾವು ಮೆಲ್ಲಗೆ ಹೊರಬರುತ್ತೀರಿ, ಅಂಕಿ ಮತ್ತೆ ಏರುತ್ತದೆ. ಮತ್ತೆ ಪಂಪು, ಮತ್ತೆ ಕರೆಂಟು ಬಿಲ್ಲು. ಸುರಿದವರು ಇನ್ನೊಂದು ಕಂಪನಿಗೆ ಮಾರಿಕೊಂಡು ಹೋಗಿರುತ್ತಾರೆ, ಕಾರ್ಖಾನೆಯಿದ್ದ ಕಡೆ ಹೊಸ ಕಚೇರಿಗಳೆದ್ದಿರುತ್ತವೆ. ಆ ಕಚೇರಿಗಳ ನೆಲದ ಬಿರುಕಿನಿಂದಲೂ ಆವಿಯಾಗಿ ಒಳಗೆ ಬಂದು ಕ್ಷೇಮಸಮಾಚಾರ ವಿಚಾರಿಸುವ ತಮ್ಮ ಸೌಜನ್ಯ ನಮ್ಮ ಕೌಂಟಿಯ ಮೌಂಟನ್ ವ್ಯೂ ಊರಿನವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಊರಿನ ಹೆಸರನ್ನು ತಮ್ಮ ಮುಂದೆ ಎತ್ತಲೇಬೇಕು: ಮ್ಯಾಸಚೂಸೆಟ್ಸ್‌ನ ವೋಬರ್ನ್. ಅಲ್ಲಿ ಜಿ ಮತ್ತು ಎಚ್ ಎಂಬ ಎರಡು ಬಾವಿಗಳ ನೀರು ರುಚಿಯಿಲ್ಲ, ವಾಸನೆ ಎಂದು ಜನ ವರ್ಷಗಟ್ಟಲೆ ದೂರಿದರು. ಅಕ್ಕಪಕ್ಕದ ಬೀದಿಗಳ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂತು. ನೀರಿನ ಮೇಲೆ ಅನುಮಾನಪಟ್ಟು ಬಾಗಿಲು ಬಾಗಿಲು ಬಡಿದವಳು ಆ ಮಕ್ಕಳಲ್ಲೊಬ್ಬನ ತಾಯಿ. ಆ ಬಾವಿಗಳಲ್ಲಿ ತಾವಿರುವುದು ತಿಳಿದು ಅವನ್ನು ಮುಚ್ಚಿದ್ದು 1979ರಲ್ಲಿ. ಮಹಾಸ್ವಾಮಿ, ಕೈಮುಗಿದೇ ಹೇಳುತ್ತಿದ್ದೇನೆ, ನಗುತ್ತ ಹೇಳುತ್ತಿಲ್ಲ. ಆ ತಾಯಂದಿರು ಕೈಯಾರೆ ಲೋಟಕ್ಕೆ ತುಂಬಿ ಕೊಟ್ಟ ನೀರು ಅದು.

ಆದಕಾರಣ ನನ್ನದೊಂದು ವಿನಂತಿ. ತಮ್ಮ ಮೈಯ ಕ್ಲೋರಿನ್ ಕಳಚುವ ಡಿಹ್ಯಾಲೊಕಾಕಾಯ್ಡಿಸ್ ಎಂಬ ಜೀವಾಣುಗಳಿವೆ, ತಾವು ಬಲ್ಲಿರಿ. ಅವುಗಳಿಗಾಗಿ ಕಾಕಂಬಿ, ಸಸ್ಯಜನ್ಯ ಎಣ್ಣೆಗಳನ್ನು ನೆಲದಾಳಕ್ಕೆ ಇಳಿಸುತ್ತಾರೆ. ನಮ್ಮ ಕೌಂಟಿಯ ಸನ್ನಿವೇಲ್‌ನಲ್ಲಿ 1990ರ ದಶಕದಲ್ಲೇ ತಮ್ಮ ದಾರಿಗಡ್ಡ ಕಬ್ಬಿಣದ ಚೂರುಗಳ ಗೋಡೆ ಹೂತಿದ್ದಾರೆ. ಈ ಉಪಚಾರಗಳಿಗೆ ಓಗೊಟ್ಟು, ಅರ್ಧದಾರಿಯಲ್ಲಿ ತಮಗಿಂತ ಕಡುವಿಷದ ವಿನೈಲ್ ಕ್ಲೋರೈಡ್ ಆಗಿ ನಿಲ್ಲದೆ, ಕೊನೆಯ ಕ್ಲೋರಿನ್ನೂ ಕಳಚಿ ಬರೀ ಎಥಿಲೀನ್ ಆಗಿ ತೆರಳುವ ಕೃಪೆ ಮಾಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ತಮ್ಮನ್ನು ನಿಷೇಧಿಸುವ ನಿಯಮ ಹೊರಡಿಸಿದೆ. ಹೊಸದಾಗಿ ಸುರಿಯುವವರು ಸಿಕ್ಕರೂ ಬೆಂಗಳೂರಿನ ಕಡೆಗಾಗಲಿ ಇನ್ನಾವ ಊರಿಗಾಗಲಿ ದಯಮಾಡಿಸಬೇಡಿ. ತಮ್ಮನ್ನು ಹೊರಗೆ ಕಳಿಸುವ ಖರ್ಚನ್ನು ನಾವು ಇನ್ನೂ ಕಟ್ಟುತ್ತಲೇ ಇದ್ದೇವೆ.

ಇಂತಿ,
ತಮ್ಮ ವಿಧೇಯ